ದಂಡಿನ ಮೊಹಲ್ಲಾಗಳು

2024ರ ಆಗಸ್ಟ್‌ನಲ್ಲಿ, ಬಾಡಿಗೆ ತಕರಾರಿನ ಮೊಕದ್ದಮೆಯೊಂದರ ವಿಚಾರಣೆಯ ವೇಳೆ, ಬೆಂಗಳೂರಿನ ಗೋರಿಪಾಳ್ಯವನ್ನು ಪಾಕಿಸ್ತಾನವೆಂದು ಕರೆಯುವ ಮಾತು ಕರ್ನಾಟಕ ಹೈಕೋರ್ಟಿನ ಪೀಠದಿಂದಲೇ ಬಂತು. ಸುಪ್ರೀಂ ಕೋರ್ಟು ಅದನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಭಾರತದ ಯಾವ ಭಾಗವನ್ನೂ ಪಾಕಿಸ್ತಾನವೆಂದು ಕರೆಯುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಸೆಪ್ಟೆಂಬರ್ 25ರಂದು ಹೇಳಿತು. ಸಂಬಂಧಪಟ್ಟ ನ್ಯಾಯಮೂರ್ತಿಗಳು ವಿಷಾದ ವ್ಯಕ್ತಪಡಿಸಿದ್ದರಿಂದ ಪ್ರಕರಣ ಅಲ್ಲಿಗೆ ಮುಗಿಯಿತು. ಆದರೆ ಆ ಮಾತು ನ್ಯಾಯಾಲಯದಲ್ಲಿ ಹುಟ್ಟಿದ್ದೇನಲ್ಲ. ಬಾಡಿಗೆ ಮನೆ ತೋರಿಸುವ ದಲ್ಲಾಳಿಯ ಬಾಯಲ್ಲಿ, ಚುನಾವಣೆಯ ಭಾಷಣಗಳಲ್ಲಿ, ಬಸ್ಸಿನ ಹರಟೆಯಲ್ಲಿ ಅದು ಎಷ್ಟೋ ವರ್ಷಗಳಿಂದ ಓಡಾಡಿಕೊಂಡಿದೆ. ಗೋರಿಪಾಳ್ಯದಂತೆಯೇ ಶಿವಾಜಿನಗರ, ಟ್ಯಾನರಿ ರಸ್ತೆ, ನೀಲಸಂದ್ರಗಳಿಗೂ ಅದು ಅಂಟಿಕೊಂಡಿದೆ. ಗೌರಿಬಿದನೂರು ತಾಲೂಕಿನ ನಮ್ಮ ಅಲೀಪುರ ಶಿಯಾ ಮುಸ್ಲಿಮರ ಊರಾದ್ದರಿಂದ ಅದನ್ನು ‘ಮಿನಿ ಇರಾನ್’ ಎಂದು ಕರೆಯುವವರಿದ್ದಾರೆ. ಒಂದು ಹಂಗಿಸುವ ಮಾತು, ಇನ್ನೊಂದು ಬೆರಗಿನ ಮಾತು ಇರಬಹುದು. ಎರಡೂ ಇಲ್ಲಿನವರನ್ನು ಇಲ್ಲಿಂದ ಎತ್ತಿ ಬೇರೆ ದೇಶದಲ್ಲಿ ಕೂರಿಸುತ್ತವೆ.

ಈ ಮಾತುಗಳ ಹಿಂದೆ ಒಂದು ನಂಬಿಕೆಯಿದೆ. ಊರು ಮೊದಲಿನಿಂದಲೂ ಒಬ್ಬರದೇ ಆಗಿತ್ತು. ಆಮೇಲೆ ಯಾರೋ ಬಂದು ಸೇರಿಕೊಂಡರು. ಸೇರಿಕೊಂಡವರು ತಮ್ಮದೇ ಪ್ರತ್ಯೇಕ ಕೇರಿ ಕಟ್ಟಿಕೊಂಡು ಕುಳಿತರು ಎಂಬ ನಂಬಿಕೆ. ಬೆಂಗಳೂರಿನ ದಂಡು ಪ್ರದೇಶದ ಇನ್ನೂರು ವರ್ಷಗಳ ಇತಿಹಾಸವನ್ನು ಬಿಡಿಸಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಅಲ್ಲಿ ‘ಮೊದಲಿನವರು’ ಎಂದು ಹೇಳಿಕೊಳ್ಳಬಲ್ಲವರು ಹಲಸೂರಿನಂಥ ಹಳೆಯ ಹಳ್ಳಿಗಳ ಕೆಲವು ಮನೆತನಗಳು ಮಾತ್ರ. ಉಳಿದವರೆಲ್ಲ ಒಂದಲ್ಲ ಒಂದು ಕಸುಬಿನ ಬೆನ್ನು ಹತ್ತಿ ಬಂದವರು. ಅವರು ಬೆರೆತು ಬಾಳಿದ ಬೀದಿಗಳು ಮತದ ಲೆಕ್ಕದಲ್ಲಿ ಬೇರೆಬೇರೆಯಾದದ್ದು ಬಹುಮಟ್ಟಿಗೆ ಈಚಿನ ಬೆಳವಣಿಗೆ. ಅದಕ್ಕೆ ಕಾರಣಗಳನ್ನು ಇಸವಿ ಸಮೇತ ಹೇಳಬಹುದು.

ಒಂದು ಜಾಗ, ಮೂರು ಹೆಸರು

ಕನ್ನಡದಲ್ಲಿ ದಂಡು, ನಮ್ಮ ದಖ್ಖನಿ ಉರ್ದುವಿನಲ್ಲಿ ಲಷ್ಕರ್, ಇಂಗ್ಲಿಷಿನಲ್ಲಿ ಕಂಟೋನ್ಮೆಂಟ್. ನಮ್ಮ ಕಡೆಯ ಹಿರಿಯರು ತೊಂಡೇಬಾವಿಯಲ್ಲಿ ರೈಲು ಹತ್ತುವಾಗ ಬೆಂಗಳೂರಿಗೆ ಹೊರಟೆವು ಎನ್ನುವ ಬದಲು ಲಷ್ಕರಿಗೆ ಹೊರಟೆವು ಎನ್ನುತ್ತಿದ್ದರು. ಉರ್ದು ಎಂಬ ಪದಕ್ಕೂ ಮೂಲ ತುರ್ಕಿಯಲ್ಲಿ ಸೈನ್ಯದ ಬೀಡು ಎಂದೇ ಅರ್ಥ. ಆ ಲೆಕ್ಕದಲ್ಲಿ ದಂಡು, ಲಷ್ಕರ್, ಉರ್ದು ಹತ್ತಿರದ ನಂಟಿನ ಪದಗಳು. ಸೈನ್ಯ ಬಿಡಾರ ಹೂಡಿದ ಕಡೆ ಬಜಾರು ಹುಟ್ಟುತ್ತದೆ; ಬಜಾರಿನಲ್ಲಿ ನಾಲ್ಕು ಸೀಮೆಯ ಜನ ಸೇರುತ್ತಾರೆ; ಸೇರಿದವರು ಪರಸ್ಪರ ಅರ್ಥವಾಗುವ ಮಾತೊಂದನ್ನು ಕಟ್ಟಿಕೊಳ್ಳುತ್ತಾರೆ.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಗೆ ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ ಎಂದು ಕಸುಬಿನ ಹೆಸರುಗಳೇ ಇದ್ದವು. ದಂಡು ಅದಕ್ಕೆ ತೀರ ತಡವಾಗಿ ಹುಟ್ಟಿದ ತಂಗಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹುತಾತ್ಮರಾದ ಮೇಲೆ ಬ್ರಿಟಿಷ್ ಸೈನ್ಯ ಅಲ್ಲೇ ಉಳಿದಿತ್ತು. ಮಲೇರಿಯಾ ಅದನ್ನು ಅಲ್ಲಿಂದ ಎಬ್ಬಿಸಿತು. 1809ರಲ್ಲಿ ಹಲಸೂರು ಕೆರೆಯ ಪಕ್ಕದ ಎತ್ತರದ ಬಯಲಿನಲ್ಲಿ ಹೊಸ ದಂಡು ನೆಲೆಗೊಂಡಿತು. ಸೈನ್ಯವೆಂದರೆ ಸಿಪಾಯಿಗಳು ಮಾತ್ರವಲ್ಲ. ದವಸ ಒದಗಿಸುವ ಗುತ್ತಿಗೆದಾರ, ಕುದುರೆ ಮಾರುವವನು, ಲಾಳ ಕಟ್ಟುವವನು, ದರ್ಜಿ, ಧೋಬಿ, ಭಿಶ್ತಿ, ಕಸಾಯಿ, ಅಡುಗೆಯವನು, ಆಯಾ, ತೋಟಿ ಎಲ್ಲರೂ ಅದರ ಬೆನ್ನಿಗಿರುತ್ತಾರೆ. ಮದರಾಸಿನ ಸೈನ್ಯವಾದ್ದರಿಂದ ಅದರ ಜೊತೆ ತಮಿಳು ಸೀಮೆಯ ಜನ ಬಂದರು. ಚರ್ಮದ ವ್ಯಾಪಾರದ ಲಬ್ಬೆ ಮುಸ್ಲಿಮರು ಬಂದರು. ಟಿಪ್ಪುವಿನ ಕಾಲದ ಸಿಪಾಯಿ ಕುಟುಂಬಗಳಲ್ಲಿ ಹೊಸ ಕೂಲಿ ಹುಡುಕಿಕೊಂಡು ಬಂದವರೂ ಇದ್ದರು. ಮುಂದೆ ಕಚ್ಛಿನಿಂದ ಮೇಮನ್ನರು ವ್ಯಾಪಾರಕ್ಕೆ ಬಂದರು.

ಪೇಟೆಗೂ ದಂಡಿಗೂ ನಡುವೆ ಬಯಲಿತ್ತು. 1870ರಲ್ಲಿ ಆ ನಡುವಿನ ಜಾಗದಲ್ಲಿ ಕಬ್ಬನ್ ಪಾರ್ಕ್ ಎದ್ದಿತು. 1862ರಲ್ಲೇ ಎರಡಕ್ಕೂ ಪ್ರತ್ಯೇಕ ಪುರಸಭೆಗಳಾಗಿದ್ದವು. 1864ರಲ್ಲಿ ಜೋಲಾರ್‌ಪೇಟೆಯ ಕಡೆಯಿಂದ ರೈಲು ಬಂದಾಗ ಅದು ನಿಂತದ್ದು ದಂಡಿನಲ್ಲಿ. ಪೇಟೆಯ ಹತ್ತಿರಕ್ಕೆ ರೈಲು ಬಂದದ್ದು ಎಷ್ಟೋ ವರ್ಷಗಳ ಮೇಲೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದ ಬ್ರಿಟಿಷರು ದಂಡನ್ನು ಮಾತ್ರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪಾರ್ಕಿನ ಆಚೆ ಮಹಾರಾಜರ ಆಡಳಿತ, ಈಚೆ ರೆಸಿಡೆಂಟರ ಆಡಳಿತ. ಪೇಟೆಯಲ್ಲಿ ಕನ್ನಡ, ತೆಲುಗು. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷು. ದಂಡಿನ ಜನರಿಗೆ ಕನ್ನಡ ಬಾರದು ಎಂದು ಮುಂದೆ ಆಡಿಕೊಂಡವರು ಈ ಆಡಳಿತದ ಗೆರೆಯನ್ನು ಮರೆಯುತ್ತಾರೆ. ಕನ್ನಡದಿಂದ ಅವರನ್ನು ದೂರವಿಟ್ಟದ್ದು ಅವರ ಮತವಲ್ಲ, ಬೇರೆಯೇ ಒಂದು ಸರಕಾರ.

ಬ್ಲಾಕ್‌ಪಲ್ಲಿಯ ಬೀದಿಗಳು

ಇಂದಿನ ಶಿವಾಜಿನಗರದ ಹಳೆಯ ಹೆಸರು ಬ್ಲಾಕ್‌ಪಲ್ಲಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿ ‘ಬಿಳಿಅಕ್ಕಿಪಲ್ಲಿ’ಯಾಗಿ, ಇಂಗ್ಲಿಷರ ಬಾಯಲ್ಲಿ ಬ್ಲಾಕ್‌ಪಲ್ಲಿಯಾಯಿತು ಎಂಬುದು ಜನಜನಿತ ಕಥೆ. ಬಿಳಿಯದು ಕಪ್ಪಾದ ಈ ಕಥೆಯನ್ನು ನಂಬಲಿ ಬಿಡಲಿ, ಅದರೊಳಗೊಂದು ಸತ್ಯವಿದೆ. ಇದು ದಂಡಿನ ಕಪ್ಪು ಜನರ ಊರು. ಬಿಳಿಯ ಅಧಿಕಾರಿಗಳು ಪೆರೇಡ್ ಮೈದಾನದ ದಕ್ಷಿಣಕ್ಕೆ ಎಕರೆಗಟ್ಟಲೆ ತೋಟದ ನಡುವಿನ ಬಂಗಲೆಗಳಲ್ಲಿದ್ದರೆ, ಅವರಿಗೆ ಹಾಲು, ಮಾಂಸ, ಬಟ್ಟೆ, ಬೂಟು ಒದಗಿಸುವವರು ಉತ್ತರದ ಇಕ್ಕಟ್ಟಿನ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ಅಂಟಿಸಿಕೊಂಡಿದ್ದರು.

ಆ ಗಲ್ಲಿಗಳ ಹೆಸರು ಓದಿಕೊಂಡು ಹೋದರೆ ಸಾಕು. ಇಬ್ರಾಹಿಂ ಸಾಹೇಬ್ ಬೀದಿ, ನಾರಾಯಣ ಪಿಳ್ಳೆ ಬೀದಿ, ಮೀನಾಕ್ಷಿ ಕೋಯಿಲ್ ಬೀದಿ, ಧರ್ಮರಾಜ ಕೋಯಿಲ್ ಬೀದಿ, ಜ್ಯುವೆಲರ್ಸ್ ಬೀದಿ, ಹಳೆಯ ಅನಾಥಾಲಯದ ನೆನಪಿನ ಓಲ್ಡ್ ಪೂರ್ ಹೌಸ್ ರಸ್ತೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಐದು ನಿಮಿಷದ ನಡಿಗೆ. ಕಮರ್ಷಿಯಲ್ ಸ್ಟ್ರೀಟಿನ ಬಗಲಲ್ಲಿ ಜುಮ್ಮಾ ಮಸ್ಜಿದ್ ಇದೆ. ಸ್ವಲ್ಪ ದೂರದಲ್ಲಿ ಸೇಂಟ್ ಮೇರಿ ಚರ್ಚಿನ ಶಿಖರ ಕಾಣುತ್ತದೆ. ಸೆಂಜಿಯ ಕಡೆಯಿಂದ ಬಂದ ತಮಿಳು ಕ್ರೈಸ್ತರು ಕಟ್ಟಿಕೊಂಡ ಗುಡಿಸಲು ಪ್ರಾರ್ಥನಾಲಯದಿಂದ ಅದರ ಕಥೆ ಆರಂಭವಾಗುತ್ತದೆ. ಈಗಿನ ಕಟ್ಟಡ ಪೂರ್ಣಗೊಂಡದ್ದು 1882ರಲ್ಲಿ. 1974ರಲ್ಲಿ ಅದಕ್ಕೆ ಬೆಸಿಲಿಕಾದ ಸ್ಥಾನ ಸಿಕ್ಕಿತು. ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಂ ಹೆಂಗಸರೂ ಇದ್ದಾರೆ. ಹಝ್ರತ್ ಮರ್ಯಮ್ ಕುರ್‌ಆನಿನಲ್ಲಿಯೂ ಇದ್ದಾರಲ್ಲ.

ಇಲ್ಲಿ ಹಣ ಮಾಡಿದವರು ಇಲ್ಲಿಯೇ ಸ್ವಲ್ಪ ಹಣ ಬಿಟ್ಟು ಹೋದರು. ಕಟ್ಟಡ ಗುತ್ತಿಗೆಯಲ್ಲಿ ಸಂಪಾದಿಸಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡಮಕ್ಕಳಿಗೆಂದು ಶಾಲೆ ತೆರೆದರು. ಇಂದಿನ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳು ಅದರ ಬೆಳವಣಿಗೆ. ಕಚ್ಛಿ ಮೇಮನ್ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠರ ಕೊಡುಗೆಯಿಂದ ಗೋಷಾ ಆಸ್ಪತ್ರೆ ಎದ್ದಿತು. ಗೋಷಾ ಎಂದರೆ ಪರದೆ. ಗಂಡು ವೈದ್ಯರೆದುರು ಬರಲು ಹಿಂಜರಿದು ಹೆರಿಗೆಯಲ್ಲೇ ಪ್ರಾಣ ಬಿಡುತ್ತಿದ್ದ ಹೆಂಗಸರಿಗಾಗಿ ಅದು ಇತ್ತು. ಆ ಬಾಗಿಲು ಒಂದು ಸಮುದಾಯಕ್ಕಷ್ಟೇ ತೆರೆದದ್ದಲ್ಲ. ತಮಿಳು ತಾಯಂದಿರೂ ಅಲ್ಲಿ ಹೆತ್ತರು.

ಈ ಎಲ್ಲರೂ ದಿನವೂ ಮುಖಾಮುಖಿಯಾಗುವ ಜಾಗ ರಸೆಲ್ ಮಾರುಕಟ್ಟೆ. 1927ರಲ್ಲಿ ಕಟ್ಟಿದ, 1933ರಲ್ಲಿ ಇಸ್ಮಾಯಿಲ್ ಸೇಠರು ಉದ್ಘಾಟಿಸಿದ ಈ ಕಟ್ಟಡಕ್ಕೆ ಆಗಿನ ಪುರಸಭೆಯ ಅಧಿಕಾರಿ ರಸೆಲ್ ಅವರ ಹೆಸರು. ಕೋಮು ಸೌಹಾರ್ದದ ಮಾತು ಬಂದಾಗ ನಾವೆಲ್ಲ ಬೆಂಗಳೂರು ಕರಗ ಮಸ್ತಾನ್ ಸಾಹೇಬರ ದರ್ಗಾದ ಮುಂದೆ ನಿಲ್ಲುವುದನ್ನು ಉದಾಹರಿಸುತ್ತೇವೆ. ಅದು ಹೆಮ್ಮೆಯ ಸಂಗತಿಯೇ. ಆದರೆ ಕರಗ ವರ್ಷಕ್ಕೊಮ್ಮೆ. ತರಕಾರಿ ದಿನವೂ ಬೇಕು. ಮಲ್ಲಿಗೆ ಕಟ್ಟುವ ತಮಿಳು ಹೆಂಗಸು, ಹಣ್ಣಿನ ಅಂಗಡಿಯ ಸಾಹೇಬರು, ಹೊಸಕೋಟೆ, ಮಾಲೂರಿನ ಕಡೆಯಿಂದ ಸೊಪ್ಪು ತರುವ ಒಕ್ಕಲಿಗರು, ಕೊಳ್ಳಲು ಬರುವ ಆಂಗ್ಲೋ ಇಂಡಿಯನ್ ಅಜ್ಜಿ, ಇವರೆಲ್ಲ ಒಂದು ಸೂರಿನಡಿ ಚೌಕಾಸಿ ಮಾಡುತ್ತಾ ನಾಲ್ಕು ಭಾಷೆಯ ಲೆಕ್ಕ ಕಲಿತರು. ಇದನ್ನು ಆದರ್ಶವೆಂದು ಬಣ್ಣಿಸುವ ಅಗತ್ಯವಿಲ್ಲ. ಅವರು ಒಬ್ಬರನ್ನೊಬ್ಬರು ಪ್ರೀತಿಸಿದರೋ ಇಲ್ಲವೋ, ಒಬ್ಬರಿಗೊಬ್ಬರು ಬೇಕಾಗಿದ್ದರು. ಒಂದು ಮೊಹಲ್ಲಾ ನಡೆಯಲು ಮೊದಲು ಬೇಕಾದದ್ದು ಅಷ್ಟು.

ಕುದುರೆ ಲಾಯದಿಂದ ಮಾರುಕಟ್ಟೆಗೆ

ದಂಡಿನ ದಕ್ಷಿಣದಲ್ಲಿ ರಿಚ್‌ಮಂಡ್ ಟೌನ್. ಅಲೀಪುರದವರಿಗೆ ಇದು ಹೆಚ್ಚು ಪರಿಚಿತ. ಇದರ ಕಥೆ ಇರಾನಿನ ಶೀರಾಜ್ ನಗರಕ್ಕೆ ಹೋಗಿ ಮುಟ್ಟುತ್ತದೆ. 1824ರಲ್ಲಿ, ಹದಿನಾರು ವರ್ಷದ ಆಗಾ ಅಲಿ ಅಸ್ಕರ್ ತನ್ನಿಬ್ಬರು ಸಹೋದರರೊಂದಿಗೆ ಮಾರಾಟದ ಕುದುರೆಗಳನ್ನು ಹೊಡೆದುಕೊಂಡು ಬೆಂಗಳೂರಿಗೆ ಬಂದರು. ದಂಡಿಗೆ ಒಳ್ಳೆಯ ಕುದುರೆ ಬೇಕಿತ್ತು, ಮೈಸೂರಿನ ಅರಮನೆಗೂ ಬೇಕಿತ್ತು. ಸಹೋದರರು ಹಿಂದಿರುಗಿದರು, ಆಗಾ ಉಳಿದರು. ಕಮಿಷನರ್ ಮಾರ್ಕ್ ಕಬ್ಬನ್ ಅವರ ವಿಶ್ವಾಸ ಗಳಿಸಿ, ಕುದುರೆಯಿಂದ ಬಂದ ಹಣವನ್ನು ಕಟ್ಟಡಗಳಿಗೆ ಹಾಕಿ, ದಂಡಿನಲ್ಲಿ ಬಂಗಲೆಯ ಮೇಲೆ ಬಂಗಲೆ ಕಟ್ಟಿಸಿದರು. 1891ರಲ್ಲಿ ತೀರಿಕೊಂಡ ಅವರ ಹೆಸರಿನ ರಸ್ತೆ ಇಂದಿಗೂ ಇದೆ. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಕುದುರೆ ಮಾರಲು ಬಂದವರ ಮೂರನೆಯ ತಲೆಮಾರು ರಾಜ್ಯವನ್ನೇ ನಡೆಸಿತು. ಇಂಥವರನ್ನು ಹೊರಗಿನವರೆಂದು ಕರೆಯಲು ಎಷ್ಟು ತಲೆಮಾರು ಹಿಂದಕ್ಕೆ ಹೋಗಬೇಕು?

ಆಗಾ ಅವರ ಕುದುರೆ ಲಾಯಗಳಿದ್ದ ಜಾಗದಲ್ಲಿ 1929ರಲ್ಲಿ ಮಾರುಕಟ್ಟೆ ಎದ್ದಿತು. ಅದೇ ಜಾನ್ಸನ್ ಮಾರುಕಟ್ಟೆ. ಪಕ್ಕದಲ್ಲೇ ಮಸ್ಜಿದೆ ಅಸ್ಕರಿ. ಹತ್ತಿರದ ಅರಬ್ ಲೈನ್ಸ್ ಎಂಬ ಹೆಸರು ಕುದುರೆ ವ್ಯಾಪಾರದ ದಿನಗಳನ್ನು ನೆನಪಿಸುತ್ತದೆ. ನಮ್ಮೂರಿನಲ್ಲಿ ಹರಳು ಉಜ್ಜುವ, ಹರಳು ಮಾರುವ ಕಸುಬು ಬೆಳೆದಂತೆ, ಓದು, ವ್ಯಾಪಾರ, ಆಸ್ಪತ್ರೆಗಳ ನೆಪದಲ್ಲಿ ಬೆಂಗಳೂರಿಗೆ ಬಂದ ಅಲೀಪುರದ ಕುಟುಂಬಗಳು ಈ ಮಸ್ಜಿದಿನ ಸುತ್ತ ನೆಲೆ ಹುಡುಕಿದವು. ಮುಹರ್ರಮಿನ ಹತ್ತನೆಯ ದಿನ ಈ ರಸ್ತೆಗಳಲ್ಲಿ ಕರಿಬಟ್ಟೆಯ ಮೆರವಣಿಗೆ ಹೊರಡುತ್ತದೆ. ನಮ್ಮ ತಾಲೂಕಿನ ಹಳ್ಳಿಗಳಲ್ಲಿ ಇದೇ ಮುಹರ್ರಮ್ ‘ಬಾಬಯ್ಯನ ಹಬ್ಬ’ವಾಗಿ ಹಿಂದೂ ಒಕ್ಕಲುಗಳ ಹಬ್ಬವೂ ಹೌದು. ಪಂಜಾದ ಮುಂದೆ ಕೊಂಡ ಹಾಯುವವನಿಗೆ ಕರ್ಬಲಾ ಎಲ್ಲಿದೆ ಎಂದು ಗೊತ್ತಿಲ್ಲದಿರಬಹುದು. ಹರಕೆ ಯಾಕೆ ಹೊತ್ತೆ ಎಂಬುದು ಗೊತ್ತಿದೆ. ನಗರದ ಮುಹರ್ರಮಿಗೆ ಆ ಸಲಿಗೆಯಿಲ್ಲ. ಅಲ್ಲಿ ಮೆರವಣಿಗೆ ಹೋಗುವಾಗ ಪಕ್ಕದ ಮನೆಯವರು ಬಾಲ್ಕನಿಯಲ್ಲಿ ನಿಂತು ನೋಡುತ್ತಾರೆ, ವಾಹನ ಸವಾರರು ಹಾದಿ ಬಿಡಲಿ ಎಂದು ಕಾಯುತ್ತಾರೆ. ಒಂದೇ ಮೊಹಲ್ಲಾದಲ್ಲಿದ್ದರೂ ಪರಿಚಯ ಇಷ್ಟಕ್ಕೆ ನಿಂತಿದೆ.

ಪ್ಲೇಗು ಎಳೆದ ಗೆರೆ

ಈ ಬೀದಿಗಳು ಬೇರೆಬೇರೆಯಾಗತೊಡಗಿದ್ದಕ್ಕೆ ಮೊದಲ ಕಾರಣ ಇಲಿ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲೂ ದಂಡಿನಲ್ಲೂ ಸಾವಿರಾರು ಜನ ಸತ್ತರು. ಇಕ್ಕಟ್ಟಿನ ಕೇರಿಗಳೇ ರೋಗಕ್ಕೆ ಮೂಲವೆಂದು ತೀರ್ಮಾನಿಸಿದ ಆಡಳಿತ ಹೊಸ ಬಡಾವಣೆಗಳನ್ನು ಮಾಡಿತು. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರ. ದಂಡಿನ ಕಡೆ 1910ರ ಹೊತ್ತಿಗೆ ಫ್ರೇಜರ್ ಟೌನ್, ಅದರ ಹಿಂದೆ ಮುಂದೆ ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್‌ಗಳು. ಫ್ರೇಜರ್ ಟೌನಿನಲ್ಲಿ ಇಲಿ ನುಗ್ಗದಂಥ ಮನೆಗಳನ್ನು ಕಟ್ಟಲಾಯಿತು. ಗಾಳಿ, ಬೆಳಕು, ಚರಂಡಿ, ಅಗಲ ರಸ್ತೆಗಳೆಲ್ಲ ಬಂದವು. ಅವುಗಳ ಜೊತೆ ಇನ್ನೊಂದೂ ಬಂತು. ಹಳೆಯ ಬಜಾರಿನಲ್ಲಿ ಸಾಹುಕಾರನೂ ಕೂಲಿಯೂ ಒಂದೇ ಬೀದಿಯಲ್ಲಿದ್ದರು. ಹೊಸ ಬಡಾವಣೆಗೆ ಹೋಗಲು ಶಕ್ತಿಯಿದ್ದವರು ಹೋದರು, ಇಲ್ಲದವರು ಉಳಿದರು. ಪೇಟೆಯ ಕಡೆಯ ಹೊಸ ಬಡಾವಣೆಗಳಲ್ಲಿ ಜಾತಿವಾರು ಭಾಗಗಳನ್ನು ಗುರುತು ಮಾಡಿದ್ದೂ ಉಂಟು. ಬೆಂಗಳೂರಿನಲ್ಲಿ ಯಾರು ಎಲ್ಲಿರಬೇಕು ಎಂಬುದನ್ನು ನಕ್ಷೆಯ ಮೇಲೆ ಬರೆಯಲು ಆರಂಭಿಸಿದ್ದು ಹೀಗೆ.

ಫ್ರೇಜರ್ ಟೌನಿಗೆ ಹೋದ ಮುಸ್ಲಿಮರಲ್ಲಿ ಅನುಕೂಲಸ್ಥ ವ್ಯಾಪಾರಿಗಳಿದ್ದರು. ಅವರಿಗಾಗಿ ಎದ್ದ ಹಾಜಿ ಸರ್ ಇಸ್ಮಾಯಿಲ್ ಸೇಠ್ ಮಸ್ಜಿದಿನಿಂದ ರಸ್ತೆಗೆ ಮಾಸ್ಕ್ ರಸ್ತೆ ಎಂದೇ ಹೆಸರಾಯಿತು. ಅದರ ಆಚೆ, ಊರಿಗೆ ವಾಸನೆ ಬಾರದಿರಲೆಂದು ದೂರ ಇಟ್ಟಿದ್ದ ಚರ್ಮ ಹದ ಮಾಡುವ ಕಾರ್ಖಾನೆಗಳು. ಟ್ಯಾನರಿ ರಸ್ತೆಯ ಹೆಸರು ಅಲ್ಲಿಂದ ಬಂತು. ಲಬ್ಬೆ ಸಾಹುಕಾರರ ಬಂಡವಾಳ, ದಲಿತರ ಮತ್ತು ಬಡ ಮುಸ್ಲಿಮರ ದುಡಿಮೆ, ಯುದ್ಧಕಾಲದ ಬೂಟು ಮತ್ತು ಜೀನುಗಳ ಬೇಡಿಕೆ ಸೇರಿ ಆ ರಸ್ತೆ ಬೆಳೆಯಿತು. ಈಗಲೂ ಆ ಭಾಗ ಸೇರಿದ ಪುಲಕೇಶಿನಗರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಒಂದೇ ಸಮುದಾಯದ ಕೋಟೆ ಎಂದು ಹೊರಗಿನವರು ಭಾವಿಸುವ ಪ್ರದೇಶದ ನಿಜ ಇದು.

ಒಂದಾದ ಊರು, ಒಂದಾಗದ ಮಾತು

1947ರಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡಿನ ಪುರಸಭೆಗಳು ಸೇರಿ ಒಂದೇ ನಗರಪಾಲಿಕೆಯಾಯಿತು. ನಕ್ಷೆಯಲ್ಲಿ ಊರು ಒಂದಾಯಿತು. ಬಿಳಿಯರು ಹೋದರು, ಅವರ ಹಿಂದೆ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೊರಟವು. ದೊರೆಗಳ ಊಟದ ಮನೆಗಳನ್ನೂ ಕುದುರೆಗಳನ್ನೂ ನಂಬಿದ್ದ ಕಸುಬುಗಳು ಸೊರಗಿದವು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಹೊಸ ಕೂಲಿ ಕೊಟ್ಟವು. ಬ್ಲಾಕ್‌ಪಲ್ಲಿ ಶಿವಾಜಿನಗರವಾಯಿತು, ಫ್ರೇಜರ್ ಟೌನ್ ಪುಲಕೇಶಿನಗರವಾಯಿತು. ಬಂಗಲೆಗಳು ಒಂದೊಂದಾಗಿ ಬಿದ್ದು ಬಹುಮಹಡಿ ಕಟ್ಟಡಗಳಾದವು.

ಮಾತು ಮಾತ್ರ ಅಷ್ಟು ಸುಲಭವಾಗಿ ಒಂದಾಗಲಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡದ ನಂತರ ಅತಿ ಹೆಚ್ಚು ಜನರ ತಾಯ್ನುಡಿ ಉರ್ದು, ರಾಜ್ಯದ ಶೇ. 10ಕ್ಕಿಂತ ಹೆಚ್ಚು ಜನರ ಮನೆಮಾತು. ಆದರೂ 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದಾಗ ಅದು ಕನ್ನಡಕ್ಕೆ ಬಗೆದ ದ್ರೋಹವೆಂಬ ಕೂಗು ಎದ್ದಿತು. ಪ್ರತಿಭಟನೆ ಗಲಭೆಗೆ ತಿರುಗಿ ಸುಮಾರು 25 ಮಂದಿ ಸತ್ತರು. ವಾರ್ತೆ ನಿಂತಿತು. ಅದಕ್ಕೆ ಮೂರು ವರ್ಷ ಮೊದಲು, 1991ರ ಡಿಸೆಂಬರಿನಲ್ಲಿ, ಕಾವೇರಿ ಮಧ್ಯಂತರ ತೀರ್ಪಿನ ಸಿಟ್ಟು ನಗರದ ಬಡ ತಮಿಳರ ಮೇಲೆ ತಿರುಗಿತ್ತು. 1986ರ ಡಿಸೆಂಬರಿನಲ್ಲಿ ಪತ್ರಿಕೆಯಲ್ಲಿ ಬಂದ ಕಥೆಯೊಂದರ ನೆಪದಲ್ಲಿ ಗಲಭೆಯಾಗಿತ್ತು. 1992ರ ಡಿಸೆಂಬರಿನ ಕಹಿಯನ್ನು ವಿವರಿಸಬೇಕಾಗಿಲ್ಲ. ಸುಮಾರು ಎಂಟು ವರ್ಷಗಳ ಅಂತರದಲ್ಲಿ ನಡೆದ ಇವನ್ನು ಒಟ್ಟಿಗೆ ಇಟ್ಟು ನೋಡಿದರೆ, ದಂಡು ಕಟ್ಟಿದ ಎರಡು ದೊಡ್ಡ ಸಮುದಾಯಗಳೂ, ತಮಿಳರೂ ಮುಸ್ಲಿಮರೂ, ಸರದಿಯಂತೆ ‘ನೀವು ಇಲ್ಲಿಯವರಲ್ಲ’ ಎಂಬ ಮಾತು ಕೇಳಿಸಿಕೊಂಡದ್ದು ಕಾಣುತ್ತದೆ.

ಗಲಭೆ ಮೂರು ದಿನದಲ್ಲಿ ಮುಗಿಯುತ್ತದೆ. ಆದರೆ ಆಮೇಲಿನ ತಿಂಗಳುಗಳಲ್ಲಿ ಲಾರಿಗಳಿಗೆ ಸಾಮಾನು ಏರಿಸುವುದು ಯಾವ ಪತ್ರಿಕೆಯ ಮುಖಪುಟದಲ್ಲೂ ಬರುವುದಿಲ್ಲ. ಬೆರಕೆ ಬೀದಿಯಲ್ಲಿ ಒಂಟಿಯಾಗಿದ್ದ ಮನೆಯವರು ತಮ್ಮವರು ಹೆಚ್ಚಿರುವ ಕಡೆ ಹೋಗುತ್ತಾರೆ. ಮುಸ್ಲಿಮರು ಶಿವಾಜಿನಗರಕ್ಕೆ, ಅಲ್ಲಿ ಜಾಗವಿಲ್ಲದವರು ಟ್ಯಾನರಿ ರಸ್ತೆಗೆ, ಅದೂ ಕೈಗೆಟುಕದವರು ದೇವರಜೀವನಹಳ್ಳಿ, ಕಾಡುಗೊಂಡನಹಳ್ಳಿಗಳಿಗೆ. ಹಿಂದೂಗಳು ಅದೇ ಬೀದಿಗಳಿಂದ ಹೊರಕ್ಕೆ. ಹೀಗೆ ಭಯ ಕಟ್ಟಿದ ಕೇರಿಯನ್ನು ತೋರಿಸಿ, ನೋಡಿ ಇವರು ಪ್ರತ್ಯೇಕವಾಗಿಯೇ ಇರಲು ಬಯಸುತ್ತಾರೆ ಎನ್ನಲಾಗುತ್ತದೆ.

ಬಾಡಿಗೆ ಮನೆಯ ಪ್ರಶ್ನೆ

ಬಯಕೆಯ ಪ್ರಶ್ನೆಯನ್ನು ಬಾಡಿಗೆ ಮನೆ ಹುಡುಕುವವರನ್ನು ಕೇಳಬೇಕು. ಫೋನಿನಲ್ಲಿ ಎಲ್ಲ ಸರಿಯಿದ್ದ ಮನೆ ಹೆಸರು ಹೇಳಿದ ಕೂಡಲೇ ‘ನೆಂಟರಿಗೆ ಕೊಟ್ಟಾಯಿತು’ ಎಂದಾಗುವುದು ನಮ್ಮ ಓದುಗರಿಗೆ ಹೊಸದಲ್ಲ. ಒಳ್ಳೆಯ ಸಂಬಳದ ಇಂಜಿನಿಯರ್ ಹುಡುಗರೂ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳೂ ಕೊನೆಗೆ ಮಸ್ಜಿದಿನ ಹತ್ತಿರದ ಗಲ್ಲಿಗೇ ಬರುತ್ತಾರೆ. ಬೇಡಿಕೆ ಹೆಚ್ಚಿ ಅಲ್ಲಿನ ಬಾಡಿಗೆ ಏರುತ್ತದೆ. ಏರಿದ ಬಾಡಿಗೆ ಅಲ್ಲಿನ ಬಡವರನ್ನು ಇನ್ನೂ ಹೊರಗಿನ ಕೇರಿಗೆ ತಳ್ಳುತ್ತದೆ. ಇಕ್ಕಟ್ಟಿನ ಕೇರಿಗೆ ಶಾಲೆ, ಬ್ಯಾಂಕು, ಆಟದ ಮೈದಾನ, ಚರಂಡಿ ತಡವಾಗಿ ತಲುಪುತ್ತವೆ. ಪ್ಲೇಗಿನ ಕಾಲದ ಗೆರೆಯನ್ನು ಸರಕಾರ ಬರೆದಿತ್ತು. ಇಂದಿನದು ಸಾವಿರಾರು ಮನೆ ಮಾಲಿಕರ ಸಣ್ಣ ಸಣ್ಣ ‘ಇಲ್ಲ’ಗಳಿಂದ ಮೂಡುತ್ತದೆ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ನಮ್ಮವರ ಮನೆಗಳ ಬಾಗಿಲಿಗೂ ಚಿಲಕಗಳಿವೆ. ಶಿಯಾ ಸುನ್ನಿ, ದಖ್ಖನಿ ಲಬ್ಬೆ ಮೇಮನ್ ಎಂದು ನೋಡುವವರಿದ್ದಾರೆ. ದಲಿತರಿಗೆ ಮನೆ ಕೊಡಲು ಹಿಂಜರಿಯುವವರೂ ಇದ್ದಾರೆ. ಸಮಾನತೆಯ ದೀನಿನ ಬಗ್ಗೆ ಮಿಂಬರಿನ ಮೇಲೆ ಕೇಳಿದ ಮಾತು ಬಾಡಿಗೆ ಕರಾರಿನವರೆಗೆ ಬರಬೇಕು. ನಮಗೆ ತೆರೆಯದ ಬಾಗಿಲಿನ ಬಗ್ಗೆ ಮಾತಾಡುವ ಹಕ್ಕು ಆಗ ಇನ್ನಷ್ಟು ಗಟ್ಟಿಯಾಗುತ್ತದೆ.

ಕೇರಿ ಒಬ್ಬರದೇ ಆದಾಗ ಏನಾಗುತ್ತದೆ ಎಂಬುದನ್ನು 2020ರ ಆಗಸ್ಟ್ 11ರ ರಾತ್ರಿ ತೋರಿಸಿತು. ಪ್ರವಾದಿಯವರನ್ನು ಅವಮಾನಿಸಿದ ಬರಹವೊಂದರ ನೆಪದಲ್ಲಿ ಗುಂಪುಗಳು ಡಿ.ಜೆ.ಹಳ್ಳಿ, ಕೆ.ಜಿ.ಹಳ್ಳಿ ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದವು. ದಲಿತ ಶಾಸಕರ ಮನೆಗೆ ಬೆಂಕಿ ಬಿತ್ತು. ಗೋಲಿಬಾರಿನಲ್ಲಿ ಯುವಕರು ಸತ್ತರು. ಬರಹ ಎಷ್ಟೇ ನೋವಿನದಾದರೂ ಈ ಬೆಂಕಿಗೆ ಸಮರ್ಥನೆಯಿಲ್ಲ. ಅದೇ ರಾತ್ರಿ ಅದೇ ಪ್ರದೇಶದಲ್ಲಿ ಮುಸ್ಲಿಂ ಯುವಕರು ಕೈ ಕೈ ಹಿಡಿದು ಆಂಜನೇಯ ಗುಡಿಯ ಸುತ್ತ ನಿಂತು ಅದನ್ನು ಕಾಯ್ದರು. ಬೆಂಕಿ ಹಚ್ಚಿದವರ ಸುದ್ದಿ ತಿಂಗಳುಗಟ್ಟಲೆ ಓಡಿತು, ಗುಡಿ ಕಾಯ್ದವರದು ಎರಡು ದಿನ. ಇಬ್ಬರೂ ಒಂದೇ ಮೊಹಲ್ಲಾದ ಮಕ್ಕಳು. ಗುಡಿಯ ಪೂಜಾರಿಯನ್ನು ದಿನವೂ ಕಂಡು ಬಲ್ಲವರಿಗೆ ಕಾಯುವುದು ಸಹಜವಾಗಿ ಬಂತು ಎಂದೇ ನಾವು ತಿಳಿಯುತ್ತೇವೆ. ಗುರುತಿಲ್ಲದವರನ್ನು ಸುಡುವುದು ಸುಲಭ.

ಹೆಸರು ಉಳಿದಿದೆ, ಕಸುಬು?

ಈಗ ದಂಡಿನ ನೆಲದಡಿಯಲ್ಲಿ ಮೆಟ್ರೊ ಸುರಂಗ ಕೊರೆದಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಕಂಟೋನ್ಮೆಂಟ್ ಕಡೆಯಿಂದ ಹೊರಟ ಯಂತ್ರವೊಂದು ಶಿವಾಜಿನಗರದಲ್ಲಿ ಗೋಡೆ ಒಡೆದು ಹೊರಬಂತು. ಈ ಗುಲಾಬಿ ಮಾರ್ಗದ ನಿಲ್ದಾಣಗಳ ಪಟ್ಟಿಯಲ್ಲಿ ನಮ್ಮ ಕಥೆಯ ಬಹುಪಾಲು ಹೆಸರುಗಳಿವೆ: ಶಿವಾಜಿನಗರ, ಕಂಟೋನ್ಮೆಂಟ್, ಪಾಟರಿ ಟೌನ್, ಟ್ಯಾನರಿ ರಸ್ತೆ, ಕಾಡುಗೊಂಡನಹಳ್ಳಿ. ಪಾಟರಿ ಟೌನಿನಲ್ಲಿ ಕುಂಬಾರ ಮನೆತನಗಳು ಇನ್ನೂ ಗಣೇಶನ ಮೂರ್ತಿ, ಹಣತೆಗಳನ್ನು ಮಾಡುತ್ತಿವೆ. ಟ್ಯಾನರಿ ರಸ್ತೆಯಲ್ಲಿ ಚರ್ಮದ ಕೆಲಸದ ಹಳೆಯ ವೈಭವ ಉಳಿದಿಲ್ಲ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟಾಗ, ವ್ಯಾಪಾರಿಗಳು ಅದೇ ಕಪ್ಪಾದ ಗೋಡೆಗಳ ನಡುವೆ ಮತ್ತೆ ಅಂಗಡಿ ಹಾಕಿಕೊಂಡರು. ಹಳೆಯ ಮಾರುಕಟ್ಟೆಗಳನ್ನು ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಕಟ್ಟಡ ಹೊಸದಾಗಬಾರದು ಎಂದಲ್ಲ. ಸೊಪ್ಪಿನವಳು ಕೂರಲು ಜಾಗವಿಲ್ಲದ ಹೊಸ ಕಟ್ಟಡದಲ್ಲಿ ಯಾರು ಯಾರನ್ನು ಭೇಟಿಯಾಗುತ್ತಾರೆ ಎಂಬುದು ಪ್ರಶ್ನೆ.

ಹೆಸರಿನ ಜಗಳವೂ ಮುಗಿದಿಲ್ಲ. 2025ರ ಸೆಪ್ಟೆಂಬರ್ 8ರಂದು, ಮೇರಿಯಮ್ಮನ ಹಬ್ಬದ ದಿನ, ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಅದು ಶಿವಾಜಿ ಮಹಾರಾಜರಿಗೆ ಅವಮಾನವೆಂದು ಮಹಾರಾಷ್ಟ್ರದ ಮುಖ್ಯಮಂತ್ರಿ ಆಕ್ಷೇಪಿಸಿದರು. ಬಿಳಿ ಅಕ್ಕಿಯ ಹಳ್ಳಿಗಾಗಲಿ, ಅಲ್ಲಿ ದುಡಿದ ತಮಿಳರು, ಲಬ್ಬೆಗಳು, ದಖ್ಖನಿಗಳಿಗಾಗಲಿ ಆ ವಾಗ್ವಾದದಲ್ಲಿ ಸ್ಥಾನವಿರಲಿಲ್ಲ.

ಅದಕ್ಕೆ ಒಂದು ಕಾರಣ ನಮ್ಮ ಕೈಯಲ್ಲೂ ಇದೆ. ದಂಡಿನ ಬಂಗಲೆ, ಕ್ಲಬ್ಬು, ಗುಲಾಬಿ ತೋಟಗಳ ನೆನಪುಗಳು ಇಂಗ್ಲಿಷಿನಲ್ಲಿ ಬೇಕಾದಷ್ಟು ಬಂದಿವೆ. ಗಲ್ಲಿಯ ನೆನಪುಗಳು ಹೆಚ್ಚಾಗಿ ಮನೆಮಾತಿನಲ್ಲಿಯೇ, ಹೇಳುವವರ ಜೊತೆಯೇ ಹೋಗಿಬಿಡುತ್ತಿವೆ. ನಮ್ಮ ನೆರೆಯವರು ಓದುವುದು ಕನ್ನಡದಲ್ಲಿ. ಹೊಸಕೋಟೆಯಿಂದ ಸೊಪ್ಪು ತರುವ ರೈತನಿಗೂ, ಮಲ್ಲೇಶ್ವರದ ಮೇಷ್ಟ್ರಿಗೂ ದಂಡಿನ ಕಥೆ ತಲುಪಬೇಕಾದರೆ ಅದು ಕನ್ನಡದಲ್ಲಿ ಇರಬೇಕು. ದರ್ಜಿಯ ಅಂಗಡಿಯ ಹಳೆಯ ಲೆಕ್ಕದ ಪುಸ್ತಕ, ಮಸ್ಜಿದಿನ ವಕ್ಫ್ ದಾಖಲೆ, ನಿಕಾಹ್ ರಿಜಿಸ್ಟರ್, ಮಾರುಕಟ್ಟೆಯ ಮಳಿಗೆಯ ರಸೀದಿ, ಖಬರಸ್ತಾನದ ಕಲ್ಲಿನ ಮೇಲಿನ ಬರಹ, ಅಜ್ಜಿಯರ ಬಾಯಲ್ಲಿರುವ ಪ್ಲೇಗಿನ ಕಥೆ, ಇವೆಲ್ಲ ಚರಿತ್ರೆಯ ಸಾಮಗ್ರಿ. ಎರಡೂ ಭಾಷೆ ಓದಬಲ್ಲ ನಮ್ಮ ಹುಡುಗ ಹುಡುಗಿಯರು ಒಂದೊಂದು ಬೀದಿಯನ್ನು ಆರಿಸಿಕೊಂಡು, ಅಲ್ಲಿ ಹಿಂದೆ ಯಾರ ಅಂಗಡಿಯಿತ್ತು, ಪಕ್ಕದಲ್ಲಿ ಯಾರಿದ್ದರು, ಯಾವ ವರ್ಷ ಯಾಕೆ ಹೋದರು ಎಂದು ಕೇಳಿ ಬರೆದಿಡಬೇಕು. ಹೊರಟು ಹೋದ ತಮಿಳು ಮನೆಯವರನ್ನೂ, ಆಂಗ್ಲೋ ಇಂಡಿಯನ್ ಮನೆಯವರನ್ನೂ ಹುಡುಕಿ ಕೇಳಬೇಕು. ಅಲೀಪುರದಂಥ ಊರುಗಳಿಂದ ಹೋಗಿ ಅಲ್ಲಿ ಅಂಗಡಿ ಇಟ್ಟವರ ಮಾತೂ ಅದರಲ್ಲಿ ಸೇರಬೇಕು. ಎಪ್ಪತ್ತು ದಾಟಿದ ಹಿರಿಯರು ಪ್ರತಿ ಮೊಹಲ್ಲಾದಲ್ಲೂ ಇನ್ನೂ ಇದ್ದಾರೆ. ಈ ಕೆಲಸವನ್ನು ಅವರಿರುವಾಗಲೇ ಮಾಡಬೇಕು.